ಗಾಳಿ ಒಪ್ಪಬೇಕು

ಆಷಾಢ ಬಂತೆಂದರೆ ಹಿರೇಬೆಂಡಿಗೇರಿಯಲ್ಲಿ ಗಾಳಿಯದೇ ಕಾರುಬಾರು. ಹಾನಗಲ್ಲಿನ ಕಡೆಯ ಅರೆಮಲೆನಾಡನ್ನು ದಾಟಿ ಬಂದ ಮುಂಗಾರಿನ ಗಾಳಿ ಶಿಗ್ಗಾವಿ, ಬಂಕಾಪುರ, ಸವಣೂರಿನ ಬಯಲಿಗೆ ಬಿದ್ದಿತೆಂದರೆ ಅದಕ್ಕೆ ತಡೆಯೇ ಇಲ್ಲ. ಬಣವೆಗೆ ಹೊದಿಸಿದ ತಾಡಪತ್ರಿ ಹಗ್ಗ ಹರಿದುಕೊಂಡು ಏಳುತ್ತದೆ. ಪಡುವಣಕ್ಕೆ ಮುಖ ಮಾಡಿ ಸೈಕಲ್ ತುಳಿಯುವ ಶಾಲೆಯ ಹುಡುಗರು ಅರ್ಧ ದಾರಿಗೇ ಇಳಿದು ತಳ್ಳುತ್ತಾರೆ. ಗೋವಿನಜೋಳದ ಎಳೆಪೈರು ಒಂದೇ ಮಗ್ಗುಲಿಗೆ ಒರಗುತ್ತದೆ. ಇಂಥ ಊರಿನಲ್ಲಿ ಸಂಜೆ ಕಟ್ಟೆಗೆ ಕೂತವರ ಮಾತು ಗಾಳಿಯಿಂದ ಶುರುವಾಗಿ ವಿಮಾನಕ್ಕೆ ಹೋಗಿ ಮುಟ್ಟುವುದು ಸಹಜವೇ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವ ನಮ್ಮ ಓಣಿಯ ಹುಡುಗನೊಬ್ಬ ಹಿಂಗೇ ಒಮ್ಮೆ ಕೇಳಿದ:

“ಕಾಕಾ, ಈಗ ಎಲ್ಲಾ ಕಂಪ್ಯೂಟರ್‌ನ್ಯಾಗ ಮಾಡ್ತಾರ. ರೆಕ್ಕಿ ಹೆಂಗಿರಬೇಕು ಅಂತ ಸಾಫ್ಟ್‌ವೇರೇ ಹೇಳ್ತೈತಿ. ಮತ್ತ ಅಷ್ಟು ರೊಕ್ಕ ಸುರದು ವಿಂಡ್ ಟನಲ್ ಯಾಕ ಇಟ್ಕೊಂಡಾರ?”

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಹಿರಿಯ ರೈತರು ಅದರ ಉಲ್ಟಾ ಪ್ರಶ್ನೆ ಹಾಕಿದರು: “ನಂದು ಬ್ಯಾರೆ ಕೇಳೋದೈತಿ ತಮ್ಮಾ. ಲೆಕ್ಕಾನ ಯಾಕ ಬೇಕು? ಕಟ್ಟಿ ಹಾರಿಸಿ ನೋಡಿದ್ರ ಗೊತ್ತಾಗಂಗಿಲ್ಲೇನು?”

ಲೆಕ್ಕವಿದ್ದ ಮೇಲೆ ಪರೀಕ್ಷೆ ಯಾಕೆ, ಪರೀಕ್ಷೆಯಿದ್ದ ಮೇಲೆ ಲೆಕ್ಕ ಯಾಕೆ? ವಿಮಾನ, ರಾಕೆಟ್ಟುಗಳ ಸಂಶೋಧನೆಯ ಇತಿಹಾಸವೆಲ್ಲ ಈ ಎರಡು ಪ್ರಶ್ನೆಗಳ ನಡುವೆಯೇ ನಡೆದಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ನಂಬಿದಾಗಲೆಲ್ಲ ಮನುಷ್ಯ ಬಿದ್ದಿದ್ದಾನೆ. ಎರಡನ್ನೂ ಎದುರುಬದುರು ಕೂರಿಸಿ, ಒಂದರ ತಪ್ಪನ್ನು ಇನ್ನೊಂದರಿಂದ ತಿದ್ದಿಸಿದಾಗ ಹಾರಿದ್ದಾನೆ.

ನಮ್ಮ ಹಿರಿಯರಿಗೆ ಇದು ಹೊಸ ಮಾತೇನಲ್ಲ. ಕಣದಲ್ಲಿ ರಾಶಿ ತೂರುವವರು ಎತ್ತರದಲ್ಲಿ ನಿಂತು ಮೊರದಿಂದ ಕಾಳು ಸುರಿಯುವ ಮುಂಚೆ ಒಂದು ಹಿಡಿ ಹೊಟ್ಟು ಕೈಯಿಂದ ಬಿಟ್ಟು ನೋಡುತ್ತಿದ್ದರು. ಗಾಳಿ ಯಾವ ದಿಕ್ಕಿಗೆ, ಎಷ್ಟು ಜೋರು ಎಂಬುದು ಅದರಿಂದ ತಿಳಿಯುತ್ತಿತ್ತು. ಕಾಳು ಭಾರ, ಹೊಟ್ಟು ಹಗುರ. ಗಾಳಿ ಎರಡನ್ನೂ ತಳ್ಳುತ್ತದಾದರೂ ಹೊಟ್ಟು ದೂರ ಹೋಗಿ ಬೀಳುತ್ತದೆ, ಕಾಳು ಕಾಲಬುಡದಲ್ಲೇ ಉಳಿಯುತ್ತದೆ. ಎಲ್ಲಿ ನಿಂತರೆ ಎಷ್ಟು ದೂರಕ್ಕೆ ಬಿದ್ದೀತು ಎಂಬ ಲೆಕ್ಕ ತಲೆಯಲ್ಲಿರುತ್ತಿತ್ತು, ಆ ಲೆಕ್ಕ ಇವತ್ತಿನ ಗಾಳಿಗೆ ಸರಿಹೊಂದುತ್ತದೆಯೇ ಎಂಬ ಪರೀಕ್ಷೆ ಕೈಯಲ್ಲಿರುತ್ತಿತ್ತು. ಬೆಂಗಳೂರಿನ ಪ್ರಯೋಗಶಾಲೆಗಳಲ್ಲಿ ನಡೆಯುವುದೂ ಇದೇ ಕೆಲಸ. ಅಲ್ಲಿ ಗಾಳಿಯನ್ನು ಕಾಯುವುದಿಲ್ಲ, ತಾವೇ ಬೀಸಿಸುತ್ತಾರೆ.

ಮೊದಲು ಹುಡುಗನ ಪ್ರಶ್ನೆ. ಗಾಳಿ ಹೇಗೆ ಹರಿಯುತ್ತದೆ ಎಂಬುದಕ್ಕೆ ಸಮೀಕರಣಗಳಿವೆ. ಫ್ರಾನ್ಸಿನ ನೇವಿಯೆ 1822ರಲ್ಲಿ, ಬ್ರಿಟನ್ನಿನ ಸ್ಟೋಕ್ಸ್ 1845ರಲ್ಲಿ ಅವನ್ನು ಕಟ್ಟಿಕೊಟ್ಟರು. ನ್ಯೂಟನ್ನನ ಚಲನೆಯ ನಿಯಮವನ್ನೇ ದ್ರವಕ್ಕೂ ಗಾಳಿಗೂ ಹೊಂದಿಸಿ, ಅದಕ್ಕೆ ಅಂಟುಗುಣವನ್ನು ಸೇರಿಸಿದ ಸಮೀಕರಣಗಳು ಅವು. ಕಾಗದದ ಮೇಲೆ ಎರಡು ಸಾಲು. ಆದರೆ ಆ ಎರಡು ಸಾಲನ್ನು ಪೂರ್ತಿ ಬಿಡಿಸಿದವರು ಇನ್ನೂ ಹುಟ್ಟಿಲ್ಲ. ಅವುಗಳ ಪರಿಹಾರ ಯಾವಾಗಲೂ ಇದ್ದೇ ಇರುತ್ತದೆಯೇ, ಸರಾಗವಾಗಿರುತ್ತದೆಯೇ ಎಂದು ಸಾಧಿಸಿ ತೋರಿಸಿದವರಿಗೆ 10 ಲಕ್ಷ ಡಾಲರ್ ಬಹುಮಾನ ಎಂದು ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ರಲ್ಲಿ ಸಾರಿತು. ಆ ಹಣ ಇನ್ನೂ ಹಾಗೇ ಉಳಿದಿದೆ.

ಬಿಡಿಸಲಾಗದ ಸಮೀಕರಣ ಕೈಯಲ್ಲಿದ್ದರೆ ಏನು ಮಾಡುವುದು? ಯಾವುದನ್ನು ಬಿಟ್ಟರೆ ನಡೆದೀತು ಎಂದು ಯೋಚಿಸಬೇಕು. ಗಣಿತ ಮಾದರಿ ಕಟ್ಟುವುದೆಂದರೆ ಬಹುಪಾಲು ಇದೇ. ಏನನ್ನು ಸೇರಿಸಿಕೊಳ್ಳಬೇಕು ಎನ್ನುವುದಕ್ಕಿಂತ ಏನನ್ನು ಕೈಬಿಡಬೇಕು ಎಂಬ ತೀರ್ಮಾನದಲ್ಲೇ ಜಾಣತನವೂ ಅಪಾಯವೂ ಇರುವುದು. ಫ್ರಾನ್ಸಿನ ದೊಡ್ಡ ಗಣಿತಜ್ಞ ದಲಾಂಬೇರ್ ಗಾಳಿಯ ಅಂಟುಗುಣ ಬಹಳ ಕಡಿಮೆಯೆಂದು ಅದನ್ನು ಕೈಬಿಟ್ಟು ಲೆಕ್ಕ ಹಾಕಿದರು. ಹರಿವಿನಲ್ಲಿ ನಿಂತ ವಸ್ತುವಿಗೆ ಎಳೆತವೇ ಇಲ್ಲ ಎಂದು 1752ರಲ್ಲಿ ಉತ್ತರ ಬಂತು. ಎದುರುಗಾಳಿಗೆ ಸೈಕಲ್ ತುಳಿಯುವ ಯಾವ ಹುಡುಗನೂ ಈ ಉತ್ತರವನ್ನು ಒಪ್ಪಲಾರ. ಲೆಕ್ಕದ ಹೆಜ್ಜೆಗಳಲ್ಲಿ ಒಂದೂ ತಪ್ಪಿರಲಿಲ್ಲ, ಉತ್ತರ ಮಾತ್ರ ಲೋಕಕ್ಕೆ ಒಗ್ಗದಂತಿತ್ತು. ಈ ಒಗಟು ನೂರೈವತ್ತು ವರ್ಷ ಹಾಗೇ ಉಳಿಯಿತು. 1904ರಲ್ಲಿ ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್, ಮೇಲ್ಮೈಗೆ ತಾಗಿಕೊಂಡಿರುವ ಕೂದಲೆಳೆಯಷ್ಟು ತೆಳುವಾದ ಪದರವೊಂದರಲ್ಲಿ ಅಂಟುಗುಣವೇ ರಾಜ್ಯಭಾರ ಮಾಡುತ್ತದೆ, ಎಳೆತ ಹುಟ್ಟುವುದೂ ಹರಿವು ಮೇಲ್ಮೈ ಬಿಟ್ಟು ಕಳಚಿಕೊಳ್ಳುವುದೂ ಅದರಿಂದಲೇ ಎಂದು ತೋರಿಸಿದರು. ಲೆಕ್ಕದಲ್ಲಿ ಕೈಬಿಟ್ಟ ಅತಿ ಚಿಕ್ಕ ಸಂಗತಿಯೇ ಅತಿ ದೊಡ್ಡದಾಗಿತ್ತು.

ಈ ಪ್ರಾಂಟ್ಲರ ಕೈಕೆಳಗೆ ಗಟಿಂಗೆನ್ನಿನಲ್ಲಿ ಕಲಿತು ಡಾಕ್ಟರೇಟ್ ಪಡೆದ ಒಬ್ಬರು ನಮಗೆ ಬಹಳ ದೂರದವರಲ್ಲ. ಬೆಳಗಾವಿಯಾಚೆಯ ಕೊಲ್ಹಾಪುರ ಸೀಮೆಯ ವಿಷ್ಣು ಮಾಧವ ಘಾಟಗೆ ಅವರು. ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿಜ್ಞಾನದ ಪಾಠ ಹೇಳಿದರು, ಎಚ್‌ಎಎಲ್‌ನಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನವನ್ನು ವಿನ್ಯಾಸ ಮಾಡಿದರು. ಅದು ಮೊದಲು ಹಾರಿದ್ದು 1951ರ ಆಗಸ್ಟ್‌ನಲ್ಲಿ. ಸ್ವತಂತ್ರ ಭಾರತದ ಎಷ್ಟೋ ಪೈಲಟ್‌ಗಳು ರೆಕ್ಕೆ ಬಿಚ್ಚಿದ್ದು ಈ ವಿಮಾನದಲ್ಲೇ.

ಇನ್ನು ಹಿರಿಯರ ಪ್ರಶ್ನೆ. ಕಟ್ಟಿ ಹಾರಿಸಿ ನೋಡಬಾರದೇ? ನೋಡಿದವರಿದ್ದಾರೆ. ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ಗುಡ್ಡದ ಮೇಲಿಂದ ತಮ್ಮ ಗ್ಲೈಡರ್‌ಗಳಲ್ಲಿ ಎರಡು ಸಾವಿರದಷ್ಟು ಸಲ ಹಾರಿದರು. 1896ರ ಆಗಸ್ಟ್‌ನಲ್ಲಿ ಬಿದ್ದು ತೀರಿಕೊಂಡರು. ಅವರು ಬರೆದಿಟ್ಟ ಕೋಷ್ಟಕಗಳನ್ನು ಓದಿ ಕೆಲಸಕ್ಕೆ ಇಳಿದವರು ಅಮೆರಿಕದ ರೈಟ್ ಸಹೋದರರು. 1901ರಲ್ಲಿ ಅವರು ಕಟ್ಟಿದ ಗ್ಲೈಡರ್ ಲೆಕ್ಕಕ್ಕಿಂತ ತೀರಾ ಕಡಿಮೆ ಎತ್ತುಬಲ ಕೊಟ್ಟಿತು. ದೋಷ ಎಲ್ಲಿ? ಹುಡುಕುತ್ತ ಹೋದರೆ, ಇಂಗ್ಲೆಂಡಿನ ಜಾನ್ ಸ್ಮೀಟನ್ 1759ರಲ್ಲಿ ಗಾಳಿಯಂತ್ರಗಳ ವಿಷಯ ಬರೆದಾಗಿನಿಂದ ಬಳಕೆಯಲ್ಲಿದ್ದ ಒಂದು ಗುಣಾಂಕ ಸಿಕ್ಕಿತು. ಬಹುತೇಕರು ಅದನ್ನು 0.005 ಎಂದು ಹಿಡಿಯುತ್ತಿದ್ದರು. ಸರಿಯಾದದ್ದು 0.0033ರ ಹತ್ತಿರ ಎಂದು ರೈಟ್ ಸಹೋದರರು ಕಂಡುಕೊಂಡರು. ಒಂದು ತಪ್ಪು ಅಂಕಿಯನ್ನು ಬಲ್ಲವರೇ ನೂರ ನಲವತ್ತು ವರ್ಷ ಒಬ್ಬರ ಪುಸ್ತಕದಿಂದ ಇನ್ನೊಬ್ಬರು ನಕಲು ಮಾಡುತ್ತ ಬಂದಿದ್ದರು!

ರೈಟ್ ಸಹೋದರರು ಸೈಕಲ್ ಅಂಗಡಿಯವರು. ಮೊದಲು ಸೈಕಲ್ಲಿನ ಹ್ಯಾಂಡಲ್ ಮುಂದೆ ಮೂರನೆಯ ಗಾಲಿಯೊಂದನ್ನು ಅಡ್ಡಡ್ಡ ಕೂರಿಸಿ, ಅದಕ್ಕೆ ಪುಟ್ಟ ರೆಕ್ಕೆ ಕಟ್ಟಿ, ಜೋರಾಗಿ ತುಳಿದು ನೋಡಿದರು. ಆಮೇಲೆ ಆರು ಅಡಿ ಉದ್ದದ ಮರದ ಪೆಟ್ಟಿಗೆ ಮಾಡಿ ಒಂದು ತುದಿಗೆ ಫ್ಯಾನ್ ಇಟ್ಟರು. ಹಳೆಯ ಗರಗಸದ ಬ್ಲೇಡು, ಸೈಕಲ್ ಕಡ್ಡಿಯ ತಂತಿಗಳಿಂದ ತಕ್ಕಡಿ ಮಾಡಿದರು. ಆ ಪೆಟ್ಟಿಗೆಯೊಳಗೆ ಸುಮಾರು 200 ಬಗೆಯ ರೆಕ್ಕೆಗಳನ್ನು ಇಟ್ಟು ಅಳೆದರು. ಎರಡು ವರ್ಷಗಳ ನಂತರ, 1903ರ ಡಿಸೆಂಬರ್ 17ರಂದು, ಅವರ ಯಂತ್ರ ಹಾರಿತು. ಇನ್ನೂರು ವಿಮಾನ ಕಟ್ಟಿ ಇನ್ನೂರು ಸಲ ಬೀಳುವ ಬದಲು ಪೆಟ್ಟಿಗೆಯೊಳಗೆ ಇನ್ನೂರು ಸಲ ಅಳೆದದ್ದರಿಂದಲೇ ಅವರು ಬದುಕಿ ಉಳಿದು ಹಾರಿದರು. ಹಿರಿಯರ ಪ್ರಶ್ನೆಗೆ ಉತ್ತರ ಇದರಲ್ಲಿದೆ: ಲೆಕ್ಕವಿಲ್ಲದ ಪರೀಕ್ಷೆಗೆ ಬೆಲೆ ಪ್ರಾಣ.

ಮಾತು ಇಷ್ಟು ದೂರ ಬಂದ ಮೇಲೆ ರಾಕೆಟ್ಟಿನ ವಿಷಯ ಬಿಡಲಾದೀತೇ? ನಮ್ಮ ಸವಣೂರಿನ ನವಾಬರ ಸೀಮೆಯ ಮೇಲೆ ಹೈದರಾಲಿ, ಟಿಪ್ಪು ಇಬ್ಬರ ಕಣ್ಣೂ ಇತ್ತು. ಅವರ ಸೈನ್ಯ ಈ ಬಯಲು ತುಳಿದದ್ದೂ ಉಂಟು. ಆ ಸೈನ್ಯದ ಹೆಸರುವಾಸಿ ಅಸ್ತ್ರ ರಾಕೆಟ್. ಕಬ್ಬಿಣದ ಕೊಳವೆಯೊಳಗೆ ಮದ್ದು ಗಿಡಿದು, ಉದ್ದನೆಯ ಬಿದಿರ ಗಳಕ್ಕೆ ಬಿಗಿದು ಹಾರಿಸುತ್ತಿದ್ದರು. 1780ರ ಪೊಳ್ಳಿಲೂರು ಕಾಳಗದಲ್ಲಿ ಇಂಗ್ಲಿಷರು ಅದರ ರುಚಿ ಕಂಡರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಒಂದು ಹಳೆಯ ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಇಂಥ ರಾಕೆಟ್ ಕೊಳವೆಗಳು ಸಿಕ್ಕವು.

ಮೈಸೂರಿನ ಕಮ್ಮಾರರ ಕೈಗುಣ ದೊಡ್ಡದು. ಯುರೋಪಿನಲ್ಲಿ ಆಗ ಇಂಥ ಕಬ್ಬಿಣದ ಕೊಳವೆಯ ರಾಕೆಟ್ ಇರಲಿಲ್ಲ. ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಆ ರಾಕೆಟ್‌ಗಳು ಇಂಗ್ಲೆಂಡಿನ ವುಲಿಚ್‌ಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವುಗಳ ಜಾಡು ಹಿಡಿದು ಒಂದೊಂದೇ ಅಂಶವನ್ನು ಬದಲಿಸಿ, ಹಾರಿಸಿ, ಅಳೆದು, ಬರೆದಿಟ್ಟು ತಮ್ಮದೇ ರಾಕೆಟ್ ಮಾಡಿದರು. ಅವರಿಗೆ ಆ ನೆಲ ಹದವಾಗಿಯೇ ಇತ್ತು. ಅರ್ಧ ಶತಮಾನಕ್ಕೂ ಮುಂಚೆ, 1742ರಲ್ಲಿ, ಬೆಂಜಮಿನ್ ರಾಬಿನ್ಸ್ ಎಂಬ ಗಣಿತಜ್ಞ ಗುಂಡಿನ ವೇಗ ಅಳೆಯುವ ಉಪಾಯ ಹೇಳಿಕೊಟ್ಟಿದ್ದರು. ತೂಗುಬಿಟ್ಟ ಮರದ ದಿಮ್ಮಿಗೆ ಗುಂಡು ಹೊಡೆದರೆ ದಿಮ್ಮಿ ಎಷ್ಟು ಹಿಂದಕ್ಕೆ ತೂಗುತ್ತದೆ ಎಂಬುದರಿಂದ ಗುಂಡಿನ ವೇಗ ತಿಳಿಯುತ್ತದೆ. ಹಾಗೆ ಅಳೆದು ನೋಡಿದಾಗ, ಜೋರಾಗಿ ಹಾರುವ ಗುಂಡಿಗೆ ಗಾಳಿಯ ತಡೆ ಪುಸ್ತಕದ ಲೆಕ್ಕಕ್ಕಿಂತ ಬಹಳ ಹೆಚ್ಚು ಎಂದು ಗೊತ್ತಾಯಿತು. ಮಹಾಗಣಿತಜ್ಞ ಆಯ್ಲರ್ ರಾಬಿನ್ಸ್ ಬರೆದ ಪುಸ್ತಕವನ್ನು 1745ರಲ್ಲಿ ಜರ್ಮನ್ ಭಾಷೆಗೆ ತಂದು ದೊಡ್ಡ ಟಿಪ್ಪಣಿಯನ್ನೇ ಬರೆದರು. ಈ ರಾಬಿನ್ಸ್ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ನಮ್ಮ ದೇಶಕ್ಕೇ ಬಂದು, 1751ರಲ್ಲಿ ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡರು. ಗಾಳಿಯ ತಡೆಯನ್ನು ಅಳೆದ ಮನುಷ್ಯ ಕಡಲೂರಿನಲ್ಲಿ, ರಾಕೆಟ್ ಕಟ್ಟಬಲ್ಲ ಕಮ್ಮಾರರು ಮೈಸೂರಿನಲ್ಲಿ. ಅವರಿಬ್ಬರ ನಡುವೆ ಮಾತುಕತೆ ಆಗಲೇ ಇಲ್ಲ. ಕೈಗುಣಕ್ಕೆ ಅಳತೆಯ ಜೊತೆ ಸಿಕ್ಕಿದ್ದು ನಮ್ಮಲ್ಲಲ್ಲ, ವುಲಿಚ್‌ನಲ್ಲಿ. ನಾವು ಹಿಂದೆ ಬಿದ್ದದ್ದು ಆ ಗಳಿಗೆಯಲ್ಲೇ ಎಂದು ನಾನು ನಂಬಿದ್ದೇನೆ.

ಈ ರಾಕೆಟ್‌ಗಳ ಕತೆಯನ್ನು 1980ರ ದಶಕದಲ್ಲಿ ಆಳವಾಗಿ ಕೆದಕಿ ಬರೆದವರು ರೊದ್ದಂ ನರಸಿಂಹ. ದ್ರವಗಳ ಚಲನೆಯ ವಿಜ್ಞಾನದಲ್ಲಿ ಜಗತ್ತೇ ಬಲ್ಲ ಹೆಸರು. ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಬೆಂಗಳೂರಿನಲ್ಲಿ ಭೌತಶಾಸ್ತ್ರ ಕಲಿಸುತ್ತ ಕನ್ನಡದಲ್ಲಿ ವಿಜ್ಞಾನದ ಪುಸ್ತಕ ಬರೆದವರು. ಮಗ ವಿಜ್ಞಾನ ಸಂಸ್ಥೆಯಲ್ಲಿ ಸತೀಶ ಧವನ್ ಅವರ ಶಿಷ್ಯ. ಧವನ್ ಅವರ ವಿಷಯ ಇಲ್ಲಿ ತುಸು ನಿಂತು ಹೇಳಬೇಕು. ಅವರನ್ನು ನಾವೆಲ್ಲ ಇಸ್ರೋ ಅಧ್ಯಕ್ಷರೆಂದು ಬಲ್ಲೆವು. ಅದಕ್ಕೂ ಮೊದಲು ಅವರು ಅಳತೆಯ ಮನುಷ್ಯ. 1951ರಲ್ಲಿ ಅಮೆರಿಕದ ಕಾಲ್‌ಟೆಕ್‌ನಲ್ಲಿ ಅವರು ಡಾಕ್ಟರೇಟ್ ಪಡೆದದ್ದು ಗಾಳಿ ಮೇಲ್ಮೈಯನ್ನು ಉಜ್ಜಿಕೊಂಡು ಹೋಗುವ ಬಲವನ್ನು ನೇರವಾಗಿ ಅಳೆದದ್ದಕ್ಕೆ. ಅಲ್ಲಿಯವರೆಗೆ ಬೇರೆ ಅಳತೆಗಳಿಂದ ಅದನ್ನು ಊಹಿಸಿ ತೆಗೆಯುವುದೇ ವಾಡಿಕೆಯಾಗಿತ್ತು. ಧವನ್ ಗೋಡೆಯ ಸಣ್ಣ ತುಂಡೊಂದನ್ನು ಅಲುಗಾಡುವಂತೆ ಬಿಡಿಯಾಗಿ ಕೂರಿಸಿ, ಗಾಳಿ ಅದನ್ನು ಎಷ್ಟು ಸರಿಸುತ್ತದೆ ಎಂದು ನೋಡಿದರು. ಅದೇ ವರ್ಷ ಬೆಂಗಳೂರಿಗೆ ಬಂದು ದೇಶದ ಮೊದಲ ಸೂಪರ್‌ಸಾನಿಕ್ ಗಾಳಿ ಸುರಂಗ ಕಟ್ಟಿಸಿದರು. ಶಿಷ್ಯ ರೊದ್ದಂ ಅವರೊಂದಿಗೆ ಸೇರಿ, ನಯವಾಗಿ ಹರಿಯುವ ಗಾಳಿ ಯಾವಾಗ, ಹೇಗೆ ಕದಡಿ ಗೊಂದಲಕ್ಕೆ ಬೀಳುತ್ತದೆ ಎಂಬುದರ ಬಗ್ಗೆ ಬರೆದ ಪ್ರಬಂಧ 1958ರಲ್ಲಿ ಅಚ್ಚಾಯಿತು. ಆ ಪ್ರಬಂಧವನ್ನು ಸಂಶೋಧಕರು ಇಂದಿಗೂ ತೆರೆದು ನೋಡುತ್ತಾರೆ.

ಗಾಳಿ ಸುರಂಗದಲ್ಲಿ ವಿಮಾನದ ಪುಟ್ಟ ಮಾದರಿ ಇಟ್ಟರೆ ಸಾಕೇ? ಸಾಲದು. ಅದರ ಕಾರಣ ಸೊಗಸಾಗಿದೆ. ವಿಮಾನವನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಬಹುದು, ಗಾಳಿಯ ಅಣುಗಳನ್ನು ಇಳಿಸಲು ಬರುವುದಿಲ್ಲ. ಮಾದರಿ ಚಿಕ್ಕದಾದಷ್ಟೂ ಗಾಳಿಯ ಅಂಟುಗುಣ ಅದಕ್ಕೆ ಹೆಚ್ಚು ತಾಗುತ್ತದೆ. 1883ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯ ನೀರಿನಲ್ಲಿ ಬಣ್ಣದ ಎಳೆಯೊಂದನ್ನು ಬಿಟ್ಟು ನೋಡಿದರು. ನೀರು ನಿಧಾನವಿದ್ದಾಗ ಎಳೆ ನೇರ ಇರುತ್ತಿತ್ತು, ವೇಗ ಏರಿದಾಗ ಒಮ್ಮೆಲೇ ಕದಡುತ್ತಿತ್ತು. ವೇಗ, ಗಾತ್ರ, ಸಾಂದ್ರತೆ, ಅಂಟುಗುಣ ನಾಲ್ಕನ್ನೂ ಸೇರಿಸಿದ ಒಂದು ಸಂಖ್ಯೆ ಅದನ್ನು ನಿರ್ಧರಿಸುತ್ತದೆ. ಆ ಸಂಖ್ಯೆ ಮಾದರಿಗೂ ನಿಜವಾದ ವಿಮಾನಕ್ಕೂ ಒಂದೇ ಆಗಬೇಕಾದರೆ ಗಾಳಿಯನ್ನು ಒತ್ತಿ ಗಟ್ಟಿ ಮಾಡಬೇಕು. ಇಲ್ಲವಾದರೆ ಅಳೆದದ್ದನ್ನು ಲೆಕ್ಕದಿಂದ ತಿದ್ದಿಕೊಳ್ಳಬೇಕು. ಪರೀಕ್ಷೆಗೂ ಲೆಕ್ಕದ ಆಸರೆ ಬೇಕಾಗುವುದು ಇಲ್ಲಿ.

ಬೆಂಗಳೂರಿನ ಎನ್‌ಎಎಲ್, ಅಂದರೆ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಹುಟ್ಟಿದ್ದು 1959ರಲ್ಲಿ. ಅಲ್ಲಿಯ 1.2 ಮೀಟರ್ ಟ್ರೈಸಾನಿಕ್ ಸುರಂಗ 1967ರಲ್ಲಿ ಶುರುವಾಯಿತು. ದೊಡ್ಡ ಟ್ಯಾಂಕುಗಳಲ್ಲಿ ಗಾಳಿಯನ್ನು ಒತ್ತಿ ತುಂಬಿಟ್ಟು ಒಮ್ಮೆಲೇ ಬಿಡುತ್ತಾರೆ. ಶಬ್ದದ ವೇಗಕ್ಕಿಂತ ಕಡಿಮೆಯಿಂದ ಹಿಡಿದು ಅದರ ನಾಲ್ಕು ಪಟ್ಟಿನವರೆಗೆ ಗಾಳಿ ಬೀಸುತ್ತದೆ. ಒಂದು ಬೀಸು ಒಂದು ನಿಮಿಷವೂ ಪೂರ್ತಿ ಇರುವುದಿಲ್ಲ. ಅಷ್ಟರಲ್ಲೇ ಮಾದರಿಯ ಮೇಲಿನ ಬಲಗಳನ್ನು ದಾಖಲಿಸಿಕೊಳ್ಳಬೇಕು. ತೇಜಸ್ ವಿಮಾನ, ಪಿಎಸ್‌ಎಲ್‌ವಿ, ಜಿಎಸ್‌ಎಲ್‌ವಿ ರಾಕೆಟ್‌ಗಳು ಆಕಾಶ ಕಾಣುವ ಮುಂಚೆ ಈ ಕೊಳವೆಯ ಗಾಳಿ ಉಂಡು ಬಂದವು. ಅದೇ ಎನ್‌ಎಎಲ್‌ನಲ್ಲಿ ರೊದ್ದಂ ನಿರ್ದೇಶಕರಾಗಿದ್ದಾಗ, 1986ರಲ್ಲಿ, ಹರಿವಿನ ಸಮೀಕರಣಗಳನ್ನು ಬಿಡಿಸಲೆಂದೇ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿದರು. ಸುರಂಗ ಇದ್ದ ಸಂಸ್ಥೆಯೇ ಕಂಪ್ಯೂಟರನ್ನೂ ಕಟ್ಟಿಕೊಂಡಿತು, ಕಂಪ್ಯೂಟರ್ ಬಂತೆಂದು ಸುರಂಗಕ್ಕೆ ಬೀಗ ಹಾಕಲಿಲ್ಲ. ನಮ್ಮ ಓಣಿಯ ಹುಡುಗ ಗಮನಿಸಬೇಕಾದದ್ದು ಇದನ್ನೇ.

ಹಾಗಂತ ಸುರಂಗವೂ ಕೊನೆಯ ಮಾತಲ್ಲ. ಜರ್ಮನಿಯ ಕುರ್ಟ್ ಟಾಂಕ್ ಬೆಂಗಳೂರಿಗೆ ಬಂದು ಎಚ್‌ಎಎಲ್‌ನಲ್ಲಿ ಮಾರುತ್ ಎಂಬ ಯುದ್ಧವಿಮಾನ ವಿನ್ಯಾಸ ಮಾಡಿದಾಗ, ಮೊದಲು ಅದೇ ಅಳತೆಯ ಮರದ ಗ್ಲೈಡರ್ ಒಂದನ್ನು ಕಟ್ಟಿದರು. ಎಂಜಿನ್ ಇಲ್ಲ, ಆಕಾರ ಮಾತ್ರ ಪೂರ್ಣ. 1959ರಲ್ಲಿ ಡಕೋಟಾ ವಿಮಾನದ ಹಿಂದೆ ಹಗ್ಗದಿಂದ ಕಟ್ಟಿ ಎಳೆದೊಯ್ದು ಮೇಲೆ ಬಿಡುತ್ತಿದ್ದರು. ಅದು ತೇಲಿಕೊಂಡು ಇಳಿಯುತ್ತಿತ್ತು. ಹೀಗೆ 70ಕ್ಕೂ ಹೆಚ್ಚು ಸಲ ಹಾರಿಸಿ ಅದರ ಸ್ವಭಾವ ಕಲಿತರು. ನಿಜವಾದ ಮಾರುತ್ ಅನ್ನು ವಿಂಗ್ ಕಮಾಂಡರ್ ಸುರಂಜನ್ ದಾಸ್ ಹಾರಿಸಿದ್ದು 1961ರ ಜೂನ್ 17ರಂದು. ಅದೇ ಸುರಂಜನ್ ದಾಸ್ 1970ರ ಜನವರಿಯಲ್ಲಿ ಮಾರುತ್‌ನ ಇನ್ನೊಂದು ಮಾದರಿಯನ್ನು ಪರೀಕ್ಷಿಸುತ್ತಲೇ ಪ್ರಾಣ ಬಿಟ್ಟರು.

ಗಾಳಿಯ ಪರೀಕ್ಷೆ ಗೆದ್ದರೂ ಲೋಹದ ಪರೀಕ್ಷೆ ಉಳಿದಿರುತ್ತದೆ. ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನ ಕಾಮೆಟ್ 1952ರ ಮೇ 2ರಂದು ಸೇವೆಗೆ ಇಳಿಯಿತು. 1954ರ ಜನವರಿ, ಏಪ್ರಿಲ್‌ಗಳಲ್ಲಿ ಎರಡು ಕಾಮೆಟ್‌ಗಳು ಇಟಲಿಯ ಹತ್ತಿರ ಆಕಾಶದಲ್ಲೇ ಒಡೆದುಹೋದವು. ಕಾರಣ ಹುಡುಕಲು ಇಂಗ್ಲೆಂಡಿನ ಫಾರ್ನ್‌ಬರೊದಲ್ಲಿ ಇಡೀ ವಿಮಾನದ ಒಡಲನ್ನು ದೊಡ್ಡ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ನೀರು ತುಂಬಿ, ಒತ್ತಡ ಏರಿಸಿ ಇಳಿಸಿ, ಹಾರಾಟದ ಮೇಲೆ ಹಾರಾಟ ಅನುಕರಿಸಿದರು. ಗಾಳಿ ತುಂಬಿದ್ದರೆ ಒಡಲು ಸ್ಫೋಟಿಸಿ ಚೂರಾಗುತ್ತಿತ್ತು. ನೀರಾದ್ದರಿಂದ ಸೀಳಿದ ಜಾಗ ಸೀಳಿದಂತೆಯೇ ಉಳಿಯಿತು. ನಿಜವಾದದ್ದೂ ಅನುಕರಿಸಿದ್ದೂ ಸೇರಿ 3,057 ಹಾರಾಟಗಳಿಗೆ ಕಿಟಕಿಯ ಮೂಲೆಯ ಹತ್ತಿರ ಲೋಹ ದಣಿದು ಸೀಳಿತ್ತು. ಮೂಲೆಗಳಲ್ಲಿ ಒತ್ತಡ ಅಷ್ಟು ಜಮಾಯಿಸುತ್ತದೆಂದು ವಿನ್ಯಾಸದ ಲೆಕ್ಕ ಹೇಳಿರಲಿಲ್ಲ. ಅಂದಿನಿಂದ ಹೊಸ ಪ್ರಯಾಣಿಕ ವಿಮಾನವನ್ನು ನೆಲದ ಮೇಲೇ ಸಾವಿರಾರು ಸಲ ಹಾರಿಸಿದಂತೆ ಮಾಡಿ ದಣಿಸಿ ನೋಡುವುದು ರೂಢಿಯಾಯಿತು.

ಲೆಕ್ಕದ ಮಹಿಮೆಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ತೇಜಸ್ ವಿಮಾನವನ್ನು ಬೇಕೆಂದೇ ಅಸ್ಥಿರವಾಗಿ ಕಟ್ಟಿದ್ದಾರೆ. ಬಾಲರೆಕ್ಕೆಯಿಲ್ಲದ ತ್ರಿಕೋನ ರೆಕ್ಕೆಯ ಆ ವಿಮಾನ ಚುರುಕಾಗಿ ತಿರುಗಬೇಕೆಂಬುದು ಉದ್ದೇಶ. ಅದರ ಬೆಲೆಯೇನೆಂದರೆ, ಬರಿಗೈಯಲ್ಲಿ ಯಾವ ಪೈಲಟ್ ಕೂಡ ಅದನ್ನು ನೆಟ್ಟಗೆ ಹಿಡಿದಿಡಲಾರ. ಕಂಪ್ಯೂಟರ್ ಸೆಕೆಂಡಿಗೆ ಹತ್ತಾರು ಸಲ ರೆಕ್ಕೆಯಂಚುಗಳನ್ನು ಸರಿಸುತ್ತ ಅದನ್ನು ಸಂಭಾಳಿಸುತ್ತದೆ. ಹೇಗೆ ಸರಿಸಬೇಕೆಂಬ ನಿಯಮಗಳು ವಿಮಾನದ ಗಣಿತ ಮಾದರಿಯಿಂದ ಬಂದವು, ಆ ಮಾದರಿಯ ಅಂಕಿಗಳು ಸುರಂಗದಿಂದ ಬಂದವು. ಮಾದರಿ ತಪ್ಪಿದ್ದರೆ ವಿಮಾನ ನೆಲ ಬಿಟ್ಟ ಕ್ಷಣವೇ ಕೈಮೀರುತ್ತದೆ. ಆದ್ದರಿಂದ ಎನ್‌ಎಎಲ್‌ನ ತಂಡ ಸಿಮ್ಯುಲೇಟರ್‌ನಲ್ಲಿ ಪೈಲಟ್‌ಗಳನ್ನು ಕೂರಿಸಿ ಮತ್ತೆ ಮತ್ತೆ ಹಾರಿಸಿತು. ನಿಜವಾದ ಹೈಡ್ರಾಲಿಕ್ ಅಂಗಗಳನ್ನೇ ಜೋಡಿಸಿದ, ‘ಐರನ್ ಬರ್ಡ್’ ಎಂದು ಕರೆಯುವ ಚೌಕಟ್ಟಿನ ಮೇಲೆ ಪರೀಕ್ಷೆಗಳಾದವು. 1996ರಲ್ಲಿ ಅಮೆರಿಕದಲ್ಲಿ, ಬೇರೆ ವಿಮಾನಗಳಂತೆ ನಟಿಸಬಲ್ಲ ಎಫ್-16 ಒಂದಕ್ಕೆ ತೇಜಸ್ ಸ್ವಭಾವ ತುಂಬಿ ಆಕಾಶದಲ್ಲೇ ನೋಡಿದರು. 1998ರ ಪೋಖರಣ್ ಅಣುಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿ ಆ ಬಾಗಿಲು ಮುಚ್ಚಿತು. ಉಳಿದದ್ದನ್ನು ನಮ್ಮವರೇ ಮುಗಿಸಿದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಬೆಂಗಳೂರಿನಿಂದ ಮೇಲೆದ್ದು 18 ನಿಮಿಷ ಹಾರಿ ಕ್ಷೇಮವಾಗಿ ಇಳಿದರು. ಆ 18 ನಿಮಿಷದ ಹಿಂದೆ ವರ್ಷಗಟ್ಟಲೆಯ ಲೆಕ್ಕವಿತ್ತು, ಆ ಲೆಕ್ಕವನ್ನು ನಂಬದೆ ಮತ್ತೆ ಮತ್ತೆ ಕೆಣಕಿದ ಪರೀಕ್ಷೆಗಳೂ ಇದ್ದವು.

ಸಂಕಟದ ಕತೆಯೂ ಇದೆ, ಮರೆಯಬಾರದ್ದು. ಎನ್‌ಎಎಲ್‌ನ ಸಾರಸ್ ಎಂಬ ಪುಟ್ಟ ಪ್ರಯಾಣಿಕ ವಿಮಾನ 2004ರ ಮೇ ತಿಂಗಳಲ್ಲಿ ಮೊದಲು ಹಾರಿತು. 2009ರ ಮಾರ್ಚ್ 6ರಂದು ಅದರ ಎರಡನೆಯ ಮಾದರಿ ಬಿಡದಿಯ ಹತ್ತಿರ ಬಿದ್ದು ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ಮೂವರೂ ತೀರಿಕೊಂಡರು. ಹಾರುತ್ತಿರುವಾಗಲೇ ಒಂದು ಎಂಜಿನ್ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ಹೊತ್ತಿಸುವ ಕ್ರಮವೇ ತಪ್ಪಾಗಿತ್ತು, ಎತ್ತರ ಸಾಲದಾಗಿತ್ತು, ಪ್ರೊಪೆಲ್ಲರ್ ತಯಾರಿಸಿದವರನ್ನು ಕೇಳದೆಯೇ ಆ ಕ್ರಮ ರೂಪಿಸಿದ್ದರು ಎಂದು ತನಿಖೆ ಹೇಳಿತು. ಪರೀಕ್ಷೆಯೂ ಒಂದು ಲೆಕ್ಕದ ಮೇಲೇ ನಿಂತಿರುತ್ತದೆ. ಆ ಲೆಕ್ಕವನ್ನು ಕಾಗದದ ಮೇಲೆ ಬಲ್ಲವರೆಲ್ಲ ಜರಡಿ ಹಿಡಿಯದಿದ್ದರೆ ಪೈಲಟ್ ಆಕಾಶದಲ್ಲಿ ಜರಡಿ ಹಿಡಿಯಬೇಕಾಗುತ್ತದೆ. ಯೋಜನೆ ವರ್ಷಗಳ ಕಾಲ ನಿಂತಿತು. ತಿದ್ದಿದ ಸಾರಸ್ 2018ರ ಜನವರಿ 24ರಂದು ಮತ್ತೆ ಹಾರಿತು. ಆ ಮೂವರ ಹೆಸರನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಈಗ ಇಂಥ ಪರೀಕ್ಷೆಗಳಿಗೆ ಬೆಂಗಳೂರಿಗೇ ಹೋಗಬೇಕಾಗಿಲ್ಲ. ನಮ್ಮ ಹೆದ್ದಾರಿ ಹಿಡಿದು ದಾವಣಗೆರೆ ದಾಟಿದರೆ ಚಿತ್ರದುರ್ಗ. ಆ ಜಿಲ್ಲೆಯ ಚಳ್ಳಕೆರೆ ಸೀಮೆಯಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ಇಸ್ರೋ ತನ್ನ ರೆಕ್ಕೆಯುಳ್ಳ ಮರುಬಳಕೆಯ ವಾಹನ ‘ಪುಷ್ಪಕ್’ ಅನ್ನು ಇಳಿಸಿ ನೋಡಿದ್ದು ಅಲ್ಲಿಯೇ. 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರ್ ಅದನ್ನು ಸುಮಾರು ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು, ಅದು ಯಾರ ಕೈಯೂ ಇಲ್ಲದೆ ತಾನೇ ರನ್‌ವೇ ಹುಡುಕಿ ಇಳಿಯಿತು. 2024ರ ಮಾರ್ಚ್‌ನಲ್ಲಿ ಬೇಕೆಂದೇ ರನ್‌ವೇ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಜೂನ್ 23ರಂದು 500 ಮೀಟರ್ ಪಕ್ಕಕ್ಕೆ, ಗಾಳಿಯೂ ಹೆಚ್ಚಿದ್ದಾಗ ಬಿಟ್ಟರು. ಗಂಟೆಗೆ 320 ಕಿ.ಮೀ.ಗೂ ಮೀರಿದ ವೇಗದಲ್ಲಿ ನೆಲ ಮುಟ್ಟಿ, ಪ್ಯಾರಾಚೂಟ್ ಬಿಚ್ಚಿ ನಿಂತಿತು. ಪರೀಕ್ಷೆಯ ಮರ್ಯಾದೆ ಇದು: ಗೆದ್ದ ಮೇಲೆ ಅದನ್ನೇ ಮತ್ತೆ ಮಾಡಿ ಚಪ್ಪಾಳೆ ಗಿಟ್ಟಿಸುವುದಲ್ಲ, ಒಂದೊಂದು ಮೆಟ್ಟಿಲು ಕಷ್ಟ ಮಾಡುತ್ತ ಲೆಕ್ಕ ಎಲ್ಲಿಯವರೆಗೆ ತಡೆದುಕೊಳ್ಳುತ್ತದೆಂದು ನೋಡುವುದು.

ಅದೇ ವಲಯದಿಂದ ಎದ್ದ ರುಸ್ತುಂ-2 ಎಂಬ ಮಾನವರಹಿತ ವಿಮಾನ 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿಯ ಹತ್ತಿರ ತೋಟದಲ್ಲಿ ಬಿತ್ತು. ಅದರ ಫೋಟೊ ಎಲ್ಲ ಮೊಬೈಲ್‌ಗಳಲ್ಲೂ ಓಡಾಡಿತು. ಜನರ ದುಡ್ಡು ಹಾಳಾಯಿತೆಂದವರು ಬಹಳ. ನಾನು ಹಾಗೆ ನೋಡುವುದಿಲ್ಲ. ಒಳಗೆ ಪೈಲಟ್ ಇಲ್ಲದಾಗ ಬಿದ್ದದ್ದು, ಸೇವೆಗೆ ಸೇರುವ ಮುಂಚೆ ಬಿದ್ದದ್ದು, ಕಲಿಸಿ ಹೋಗುತ್ತದೆ. ಪರೀಕ್ಷೆಯಲ್ಲಿ ಬಿದ್ದದ್ದಕ್ಕೆ ನಾಚಬೇಕಾಗಿಲ್ಲ. ಬಿದ್ದದ್ದನ್ನು ಮುಚ್ಚಿಟ್ಟರೆ ನಾಚಬೇಕು.

ಮತ್ತೆ ರೊದ್ದಂ ಅವರತ್ತ ಒಮ್ಮೆ ತಿರುಗುತ್ತೇನೆ. 2020ರ ಡಿಸೆಂಬರ್‌ನಲ್ಲಿ ತೀರಿಕೊಂಡ ಅವರು ಬೆಂಗಳೂರಿನ ಪ್ರಯೋಗಾಲಯದಲ್ಲಿ ಮೋಡ ಮಾಡಲೂ ಹೊರಟಿದ್ದರು. ನೀರಿನ ತೊಟ್ಟಿಯಲ್ಲಿ ಒಂದು ಧಾರೆಯನ್ನು ಮೇಲಕ್ಕೆ ಬಿಟ್ಟು, ನಡುದಾರಿಯಲ್ಲಿ ವಿದ್ಯುತ್ತಿನಿಂದ ಬಿಸಿ ಕೊಟ್ಟು, ಆವಿ ನೀರಾಗುವಾಗ ಮೋಡಕ್ಕೆ ಸಿಗುವ ಶಾಖವನ್ನು ಅನುಕರಿಸಿದರು. ಧಾರೆ ಹೂಕೋಸಿನಂತೆ ಅರಳುವ ಮಳೆಮೋಡದ ಆಕಾರವನ್ನೇ ತಾಳಿತು. ವಿಮಾನದ ರೆಕ್ಕೆಯ ಮೇಲಿನ ಗಾಳಿಗೂ ಮುಂಗಾರಿನ ಮೋಡಕ್ಕೂ ಸಮೀಕರಣ ಒಂದೇ. ಮಳೆ ನಂಬಿ ಗೋವಿನಜೋಳ, ಹತ್ತಿ ಬಿತ್ತುವ ನಮ್ಮ ಜಿಲ್ಲೆಗೆ ಈ ವಿದ್ಯೆ ಎಷ್ಟು ಹತ್ತಿರದ್ದೆಂದು ಇದರಿಂದ ತಿಳಿಯುತ್ತದೆ. ಈಗ ಹೊಲಕ್ಕೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯಲೂ ಡ್ರೋನ್ ಬಂದಿದೆ. ಎಷ್ಟು ಎತ್ತರದಲ್ಲಿ ಹಾರಿಸಬೇಕು, ಹನಿ ಎಷ್ಟು ದಪ್ಪ ಇರಬೇಕು, ಎಷ್ಟು ಗಾಳಿಯಿದ್ದರೆ ನಿಲ್ಲಿಸಬೇಕು ಎಂಬುದಕ್ಕೆ ಲೆಕ್ಕವೂ ಬೇಕು, ಹೊಲದಲ್ಲಿ ನಿಂತು ನೋಡಿದವರ ಅನುಭವವೂ ಬೇಕು. ತಪ್ಪಿದರೆ ಎಣ್ಣಿ ಪಕ್ಕದ ಹೊಲದ ಪಾಲು.

ಅದಕ್ಕೇ ನಮ್ಮ ಶಿಗ್ಗಾವಿ, ಹಾನಗಲ್, ಸವಣೂರು, ಹಿರೇಕೆರೂರು ಕಡೆಯ ಶಾಲೆಗಳ ವಿಜ್ಞಾನದ ಮಾಸ್ತರರಿಗೂ ಟೀಚರಮ್ಮಂದಿರಿಗೂ ಒಂದು ಕೋರಿಕೆ. ಎಸೆದ ಚೆಂಡು ಎಷ್ಟು ದೂರ ಹೋದೀತೆಂದು ಮಕ್ಕಳಿಂದ ಲೆಕ್ಕ ಹಾಕಿಸುತ್ತೀರಿ, ಅಂಕ ಕೊಡುತ್ತೀರಿ, ಅಲ್ಲಿಗೆ ಪುಟ ಮಗುಚುತ್ತೀರಿ. ದಯವಿಟ್ಟು ಅಲ್ಲಿ ನಿಲ್ಲಿಸಬೇಡಿ. ಉತ್ತರವನ್ನು ಮೊದಲು ಪೆನ್ನಿನಲ್ಲಿ ಬರೆಸಿ. ಆಮೇಲೆ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ದು ಚೆಂಡು ಎಸೆಯಲು ಹೇಳಿ, ಟೇಪು ಹಿಡಿದು ಅಳೆಯಿಸಿ. ಎರಡೂ ಅಂಕಿಗಳನ್ನು ಪಕ್ಕಪಕ್ಕ ಬರೆಸಿ, ಮೊದಲಿನದನ್ನು ಅಳಿಸಲು ಬಿಡಬೇಡಿ. ವ್ಯತ್ಯಾಸ ಯಾಕೆ ಬಂತೆಂದು ಕೇಳಿ, ಉತ್ತರಕ್ಕೆ ಕಾಯಿರಿ. ಇದಕ್ಕೆ ಬೇಕಾಗುವುದು ಒಂದು ಚೆಂಡು, ಒಂದು ಟೇಪು, ಒಂದು ಪಿರಿಯಡ್ ಅಷ್ಟೇ.